ಭ್ರಮರಾಂಬ ಟೀಚರಮ್ಮನ ಮೂರನೇ ಕ್ಲಾಸು

ಗುಂಯ್ ಎಂದು ರಾಟೆ ತಿರುಗುತ್ತಿತ್ತು. ನೂಲು ಸಿಕ್ಕಾದಾಗ ಒಂದು ಕ್ಷಣ ನಿಂತು, ಮತ್ತೆ ಗುಂಯ್ ಎನ್ನುತ್ತಿತ್ತು. ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು, ಅಷ್ಟೊಂದು ಮಗ್ಗಗಳ ಟಕಟಕ ಸದ್ದಿನ ಅಡಿಯಲ್ಲಿ, ಅದು ಯಾರ ಕಿವಿಗೂ ಬೀಳುವಂಥದ್ದಲ್ಲ. ಭ್ರಮರಾಂಬ ಟೀಚರಮ್ಮನ ಕಿವಿಗೆ ಬಿತ್ತು. ಛತ್ರಿ ಮಡಿಸಿ ನಿಂತರು.

ಮಗ್ಗದ ಸದ್ದು ದೊಡ್ಡವರದು. ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವ ರಾಟೆ ಮನೆಯ ಮುದುಕಿಯರ ಕೆಲಸ, ಇಲ್ಲವೇ ಮಕ್ಕಳದು. ಈ ಸದ್ದು ಬರುತ್ತಿದ್ದದ್ದು ನೇಕಾರ ಕೇಶವಯ್ಯನ ಮನೆಯಿಂದ. ಅಲ್ಲಿನ ಮುದುಕಿ ಕಳೆದ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಸ್ಕೂಲಿನ ಗಂಟೆ ಹೊಡೆಯುವ ಹೊತ್ತಿಗೆ ಆ ಮನೆಯಲ್ಲಿ ರಾಟೆ ತಿರುಗುತ್ತಿದೆಯೆಂದರೆ, ತಿರುಗಿಸುತ್ತಿರುವವಳು ಅವನ ಮಗಳು, ಟೀಚರಮ್ಮನ ಮೂರನೇ ಕ್ಲಾಸಿನ ಬನಶಂಕರಿಯೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತೆಲುಗು ಸೀಮೆಯ ಹಿಂದೂಪುರದ ಆ ಕನ್ನಡ ಶಾಲೆಗೆ ಭ್ರಮರಾಂಬ ಬಂದದ್ದು ಕಲ್ಯಾಣದುರ್ಗದಿಂದ. ಅಲ್ಲಿ ಅವರ ತಂದೆ ಮರುಳಸಿದ್ದಪ್ಪನವರದು ಕಾಳುಕಡ್ಡಿಯ ಅಂಗಡಿ. ಇಲ್ಲಿ ಗಂಡನದು ಹುಣಿಸೆಹಣ್ಣಿನ ವ್ಯಾಪಾರ. ಹೀಗಾಗಿ ಕ್ಲಾಸಿನಲ್ಲಿ ಲೆಕ್ಕ ಕಲಿಸಲು ಹುಣಿಸೆಬೀಜಕ್ಕೆ ಎಂದೂ ಬರವಿರಲಿಲ್ಲ. ಪ್ರತಿ ವರ್ಷವೂ ಅವರು ಕೇಳಿ ಪಡೆಯುತ್ತಿದ್ದದ್ದು ಮೂರನೇ ಕ್ಲಾಸನ್ನೇ.

“ಒಂದನೇ ಕ್ಲಾಸಿಗೆ ತಾಳ್ಮೆ ಬೇಕು, ಐದನೇ ಕ್ಲಾಸಿಗೆ ಓದು ಬೇಕು. ಈ ಮೂರಕ್ಕೆ ಏನು ಬೇಕಮ್ಮಾ, ಅಷ್ಟು ಹಟ ಹಿಡೀತೀರಿ?” ಎಂದು ಹೆಡ್‌ಮಾಸ್ಟರು ಒಮ್ಮೆ ತಮಾಷೆ ಮಾಡಿದ್ದರು.

“ಕಿವಿ ಬೇಕು ಸಾರ್,” ಎಂದಿದ್ದರು ಭ್ರಮರಾಂಬ.

ಈಗ ಅದೇ ಕಿವಿ ಅವರನ್ನು ಕೇಶವಯ್ಯನ ಬಾಗಿಲಿಗೆ ತಂದು ನಿಲ್ಲಿಸಿತ್ತು. ಒಳಗೆ ಹುಡುಗಿ ತಲೆ ಎತ್ತಲಿಲ್ಲ. ರಾಟೆಯ ಹಿಡಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು.

“ರಾಮಕ್ಕಾ, ಶಂಕ್ರಿಗೆ ಮೈ ಸರಿ ಇಲ್ವಾ?”

“ಮೈಗೇನಮ್ಮಾ, ಗುಂಡುಕಲ್ಲಿದ್ದಂಗವ್ಳೆ. ಬನ್ನಿ ಟೀಚರಮ್ಮ, ಕೂತ್ಕಳಿ,” ಎಂದು ತಾಯಿ ಚಾಪೆ ಬಿಡಿಸಿದಳು.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಕೇಶವಯ್ಯ ಲಾಳಿಯನ್ನು ನಿಲ್ಲಿಸಿ ಹೇಳಿದ: “ಸ್ಕೂಲು ಸಾಕು ಅಂತ ಅವ್ಳೇ ಅಂದ್ಲು ಟೀಚರಮ್ಮ, ನಾವೇನು ಬಿಡಿಸ್ಲಿಲ್ಲ. ಓದಕ್ಕೆ ಬಂತು, ಸೈನ್ ಹಾಕಕ್ಕೆ ಬಂತು, ಚಿಲಮತ್ತೂರು ಬಸ್ಸು ಯಾವ್ದು ಪರಿಗಿ ಬಸ್ಸು ಯಾವ್ದು ಅಂತ ಬೋರ್ಡು ಓದಿ ಹೇಳ್ತಾಳೆ. ಚಾಲು, ಇಷ್ಟು ಸಾಕು! ಮಗ್ಗಕ್ಕೆ ಹೊಸ ಹಾಸಿನ ನೂಲು ಬಂದದೆ, ಕೈಗೊಬ್ರು ಬೇಕು. ಇನ್ಮೇಲೆ ಕಳ್ಸಲ್ಲ.”

“ಅವಳೇ ಅಂದ್ಲಾ?”

“ಹೂಂ ಕಣಮ್ಮ. ಎಷ್ಟು ಬುದ್ಧಿ ಬಂದ್ಬುಟ್ಟದೆ ಗೊತ್ತಾ ನಮ್ಮ ಹುಡುಗಿಗೆ! ಮುಂಚೆ ಸ್ಕೂಲಿಂದ ಬಂದ್ರೆ ವಟವಟ ಅಂತ ತಲೆ ತಿನ್ನೋಳು. ಈಗ ಮಾತೇ ಇಲ್ಲ. ಕೊಟ್ಟ ಕೆಲ್ಸ ಮಾಡ್ಕಂಡು ಕೂತಿರ್ತಾಳೆ.”

“ಯಾವಾಗಿಂದ?”

ಕೇಶವಯ್ಯ ಹೆಂಡತಿಯ ಮುಖ ನೋಡಿದ. “ಹೋದ ಸಂತೆಯಿಂದ ಅಲ್ವಾ?” ಎಂದಳು ರಾಮಕ್ಕ.

ಭ್ರಮರಾಂಬ ಆ ದಿನವನ್ನು ನೆನೆದರು. ಅಂದು ಕ್ಲಾಸಿನಲ್ಲಿ ಭಾಗಾಕಾರ ಶುರುವಾಗಿತ್ತು. ಹನ್ನೆರಡು ಬೀಜವನ್ನು ನಾಲ್ಕು ಜನಕ್ಕೆ ಸಮವಾಗಿ ಹಂಚು ಎಂದು ಹುಡುಗಿಗೆ ಹೇಳಿದ್ದರು. ಅವಳು ತೆಂಗಿನ ಚಿಪ್ಪಿನಿಂದ ತಾನೇ ಎಣಿಸಿ ಎತ್ತಿಕೊಂಡು ಚಕಚಕನೆ ಹಂಚಿ, “ತಲೆಗೆ ಮೂರು ಟೀಚರ್” ಎಂದಿದ್ದಳು. ಬಗ್ಗಿ ನೋಡಿದರೆ ಒಂದೊಂದು ಕಡೆಯೂ ಆರಾರು ಬೀಜ. ಬಾಯಿಯ ಉತ್ತರ ಸರಿ, ನೆಲದ ಮೇಲಿನದು ತಪ್ಪು. “ಪಕ್ಕದೋರನ್ನ ಕೇಳಿ ಹೇಳಿದ್ಯಾ?” ಎಂದು ಕೇಳಿದ್ದರು. ಕ್ಲಾಸು ನಕ್ಕಿತ್ತು. ಹುಡುಗಿ ಅಳಲಿಲ್ಲ, ವಾದಿಸಲಿಲ್ಲ. ಬೀಜಗಳನ್ನು ಚಿಪ್ಪಿಗೆ ತುಂಬಿಟ್ಟು ಹೋಗಿ ಕೂತಿದ್ದಳು.

ಎರಡನೇ ಕ್ಲಾಸಿನ ಮಗುವಾಗಿದ್ದರೆ ಗೋಳೋ ಎಂದು ಅತ್ತು, ಸಂಜೆಗೆ ಮರೆತುಬಿಡುತ್ತಿತ್ತು. ಇದು ಭ್ರಮರಾಂಬ ಅವರಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಗೊತ್ತಿದ್ದೂ ಆ ದಿನ ಗಮನಿಸಿರಲಿಲ್ಲ.

“ಸಂಜೆ ಬತ್ತೀನಿ. ಅಲ್ಲಿವರ್ಗೂ ಏನೂ ತೀರ್ಮಾನ ಮಾಡ್ಬೇಡಿ,” ಎಂದು ಹೇಳಿ ಹೋದರು.

ಸಂಜೆ ಅವರು ಬಂದಾಗ ಮನೆಯಲ್ಲಿ ಹೊಸ ಹಾಸಿನ ಎಳೆಗಳನ್ನು ಹಣಿಗೆಗೆ ಪೋಣಿಸುತ್ತಿದ್ದರು. ಹಣಿಗೆಯೆಂದರೆ ಮಗ್ಗದ ಬಾಚಣಿಗೆ. ಅದರ ಸಣ್ಣ ಸಂದಿಗಳಲ್ಲಿ ಎಳೆ ಹಾಯಿಸಿದ ಮೇಲೆಯೇ ನೇಯ್ಗೆ. ಒಂದು ಬದಿಯಲ್ಲಿ ರಾಮಕ್ಕ ಕೊಕ್ಕೆ ಹಿಡಿದು ಕೂತಿದ್ದಳು. ಇನ್ನೊಂದು ಬದಿಯಿಂದ ಬನಶಂಕರಿ ಎಳೆಗಳನ್ನು ಬೆರಳಲ್ಲಿ ಎತ್ತಿ ಕೊಡುತ್ತಿದ್ದಳು. ಅಜ್ಜಿ ಹೋದ ಮೇಲೆ ಅವಳ ಪಾಲಿಗೆ ಬಂದಿದ್ದ ಕೆಲಸ ಅದು. ಕೊಡುತ್ತಲೇ ಎಣಿಸುತ್ತಿದ್ದಳು.

“ಹತ್ತು... ಹನ್ನೊಂದು... ಹನ್ನೆರಡು...”

ಭ್ರಮರಾಂಬ ಬಾಗಿಲಲ್ಲೇ ನಿಂತು ಆ ಬೆರಳುಗಳನ್ನು ನೋಡಿದರು. ಒಂದೊಂದು ಎಣಿಕೆಗೂ ಹುಡುಗಿ ಎತ್ತುತ್ತಿದ್ದದ್ದು ಎರಡೆರಡು ಎಳೆ.

“ಶಂಕ್ರಿ, ಈಗ ಎಷ್ಟಾಯ್ತು?”

ಹುಡುಗಿ ಬೆಚ್ಚಿದಳು. ಇದರಲ್ಲೂ ಏನೋ ತಪ್ಪು ಹುಡುಕುತ್ತಾರೆ ಎನ್ನುವ ಹಾಗೆ ತಾಯಿಯ ಕಡೆ ನೋಡಿ, “ಹನ್ನೆರಡು,” ಎಂದಳು.

“ಹನ್ನೆರಡೇ ಟೀಚರಮ್ಮ,” ರಾಮಕ್ಕ ಮಗಳ ಬೆಂಬಲಕ್ಕೆ ಬಂದಳು. “ಒಂದು ಸಂದಿಗೆ ಒಂದು.”

“ಒಂದಾ? ಎರಡು ಎಳೆ ಇದಾವಲ್ಲ ರಾಮಕ್ಕ?”

“ಎರಡು ಸೇರಿದ್ರೇ ಒಂದು ಕಣಮ್ಮ. ಒಂಟಿ ಎಳೆನ ಯಾರು ಎಣಿಸ್ತಾರೆ?”

ಭ್ರಮರಾಂಬ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. “ಅಯ್ಯೋ, ಹೊಸ್ತಿಲ ಮೇಲೆ ಕೂರ್ಬಾರ್ದು, ಏಳಿ ಏಳಿ!” ಎಂದು ರಾಮಕ್ಕ ಗಾಬರಿಯಾದಳು. ಅವರಿಗೆ ಕೇಳಿಸಲೇ ಇಲ್ಲ. ಮೊದಲು ಮುಖಕ್ಕೆ ಕೈ ಹಿಡಿದುಕೊಂಡರು, ಆಮೇಲೆ ನಗತೊಡಗಿದರು.

“ಏಮಮ್ಮಾ, ನಮ್ಮನ್ನ ನೋಡಿ ನಗ್ತೀರಾ?” ಕೇಶವಯ್ಯ ಹುಬ್ಬು ಗಂಟಿಕ್ಕಿದ.

“ನನ್ನನ್ನೇ ನೋಡ್ಕಂಡು ನಗ್ತಿದೀನಿ ಕೇಶವಯ್ಯ. ನಮ್ಮಪ್ಪ ಅಂಗಡೀಲಿ ಕಾಳು ಅಳೆಯೋವಾಗ ಒಂದು ಅಂತ ಅಂದೋರೇ ಅಲ್ಲ. ಮೊದಲ್ನೇ ಸೇರಿಗೆ ‘ಲಾಭ’, ಆಮೇಲೆ ಎರಡು, ಮೂರು. ಶುಭವಾಗ್ಲಿ ಅಂತ. ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮ ಮೇಷ್ಟ್ರು, ಎಣಿಸು ಅಂದ್ರೆ ಎದ್ನಿಂತು ‘ಲಾಭ, ಎರಡು, ಮೂರು’ ಅಂದ್ಬುಟ್ಟೆ. ಕಲ್ಯಾಣದುರ್ಗವೇ ನಕ್ಕಂಗಾಯ್ತು ನನಗೆ. ಎಷ್ಟೋ ದಿನ ಕ್ಲಾಸಲ್ಲಿ ಬಾಯಿ ಬಿಡ್ಲಿಲ್ಲ. ನಮ್ಮಮ್ಮನೂ ನಿಮ್ಮಂಗೇ, ಹುಡುಗಿ ಗಂಭೀರವಾದ್ಲು ಅಂತ ಊರಿಗೆಲ್ಲ ಹೇಳ್ಕಂಡು ಬಂದ್ಲು.”

ಕೇಶವಯ್ಯನಿಗೆ ನಗು ತಡೆಯಲಾಗಲಿಲ್ಲ. “ಲಾಭ, ಎರಡು!” ಎಂದು ತೊಡೆ ತಟ್ಟಿಕೊಂಡ. ಆಮೇಲೆ ನಗು ನಿಂತಿತು. “ಅದಕ್ಕೂ ನಮ್ಮ ಹುಡುಗೀಗೂ ಏನು?”

ಭ್ರಮರಾಂಬ ಹುಣಿಸೆಬೀಜದ ಸಂಗತಿಯನ್ನು ಒಂದನ್ನೂ ಬಿಡದೆ ಹೇಳಿದರು. ಜೋಡಿಯನ್ನೇ ಒಂದೆಂದು ಎಣಿಸುವವಳಿಗೆ ಹನ್ನೆರಡೆಂದರೆ ಹನ್ನೆರಡು ಜೋಡಿ, ಆರು ಬೀಜವೆಂದರೆ ಮೂರೇ. ಹುಡುಗಿ ತನ್ನ ಲೆಕ್ಕವನ್ನು ತಾನೇ ಮಾಡಿದ್ದಳು. ಪಕ್ಕದವರನ್ನು ಕೇಳಿ ಹೇಳಿದಳೆಂದು ತಪ್ಪು ತಿಳಿದದ್ದು ತಾವು.

ಅಲ್ಲಿಯವರೆಗೂ ಎಳೆಗಳ ಹಿಂದೆ ಮುಖ ಮರೆಸಿಕೊಂಡಿದ್ದ ಬನಶಂಕರಿ, “ನಾನು ಯಾರ್ನೂ ಕೇಳ್ಲಿಲ್ಲ,” ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಅಳು ಕಟ್ಟೆಯೊಡೆಯಿತು. ರಾಮಕ್ಕ ಕೊಕ್ಕೆ ಕೆಳಗಿಟ್ಟು ಎದ್ದು ಬಂದು ಮಗಳನ್ನು ತಬ್ಬಿಕೊಂಡಳು. “ನನ್ನತ್ರ ಯಾಕೇ ಹೇಳ್ಲಿಲ್ಲ, ಪಾಪಿ?”

ಕೇಶವಯ್ಯ ಗುಂಡಿಯಿಂದ ಮೇಲೆದ್ದ. ಮಗ್ಗವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ತಲೆ ಬಾಗಿಸಿದವನಲ್ಲ ಅವನು. “ಕ್ಲಾಸಲ್ಲಿ ಅಂದಿದ್ದನ್ನ ಮನೇಲಿ ಬಂದು ಸರಿ ಮಾಡಿದ್ರೆ ಆಯ್ತದಾ ಟೀಚರಮ್ಮ?”

“ಆಗಲ್ಲ. ಕ್ಲಾಸಲ್ಲೇ ಸರಿ ಮಾಡ್ತೀನಿ. ನೀವಿಬ್ರೂ ಬರ್ಬೇಕು.”

“ನಾವ್ಯಾಕೆ?”

“ಮಗು ಬಾಯಿ ಮುಚ್ಕಂಡ್ರೆ ಬುದ್ಧಿ ಬಂತು ಅಂದ್ಕಂಡ್ರಲ್ಲ, ಅದಕ್ಕೆ. ಕೇಳಿ ಕೇಶವಯ್ಯ. ಒಂದು, ಎರಡನೇ ಕ್ಲಾಸಲ್ಲಿ ಮಗುವಿನ ಹೊಟ್ಟೇಲಿರೋದೆಲ್ಲ ಬಾಯಲ್ಲಿರ್ತದೆ. ಮೂರಕ್ಕೆ ಬಂತು ಅಂದ್ರೆ ಅಕ್ಕಪಕ್ಕ ನೋಡಕ್ಕೆ ಶುರು ಮಾಡ್ತದೆ. ಅವ್ಳಿಗೆ ಬತ್ತದೆ, ನನಗೆ ಬರಲ್ಲ, ನಗ್ತಾರೇನೋ, ಇದೇ ಯೋಚ್ನೆ. ಲೆಕ್ಕವೂ ಕತೆ ತರ ಬರೋದು ಇದೇ ವರ್ಷ. ತೆಲುಗು ಅಕ್ಷರವೂ ಇದೇ ವರ್ಷ ಬಂದು ತಲೆ ಮೇಲೆ ಕೂರ್ತದೆ. ಪುಸ್ತಕ ಗಟ್ಟಿಯಾಗಿ ಓದೋ ಹುಡುಗಿ ಮನಸ್ಸಲ್ಲೇ ಓದಕ್ಕೆ ಕಲೀತಾಳೆ. ಓದ್ತಿಲ್ಲ ಅಂತ ನೀವು ಬಯ್ತೀರಾ. ಒಂದು ವರ್ಷ, ಇದೊಂದೇ ವರ್ಷ, ಸಂಜೆ ಹೊತ್ತು ಎಷ್ಟು ಮಾರ್ಕ್ಸು ಅಂತ ಕೇಳ್ಬೇಡಿ. ಇವತ್ತು ಯಾರು ನಕ್ರು, ಯಾಕೆ ನಕ್ರು ಅಂತ ಕೇಳಿ. ಬೋರ್ಡು ಓದಕ್ಕೆ ಬಂತಲ್ಲ, ಚಾಲು ಅಂದ್ರಿ. ಬಸ್ಸು ಹತ್ತೋದು ಬೇಡ್ವಾ?”

ಕೇಶವಯ್ಯ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡ.

ಮರುದಿನ ಗಂಟೆ ಹೊಡೆಯುವುದಕ್ಕೂ ಮೊದಲೇ ಅವನು ಶಾಲೆಯ ಗೇಟಿನಲ್ಲಿದ್ದ. ತಾನು ಚಿಕ್ಕಂದಿನಲ್ಲಿ ಬಿಟ್ಟುಹೋದ ಮೇಲೆ ಆ ಗೇಟನ್ನು ದಾಟಿದ್ದು ಅದೇ ಮೊದಲು. ಕೈಯಲ್ಲಿ ಒಂದು ಹಳೆಯ ಹಣಿಗೆ, ಪಕ್ಕದಲ್ಲಿ ಹಬ್ಬದ ಸೀರೆಯುಟ್ಟ ರಾಮಕ್ಕ, ಇಬ್ಬರ ನಡುವೆ ಎರಡು ಜಡೆಯ ಬನಶಂಕರಿ.

ಭ್ರಮರಾಂಬ ಕ್ಲಾಸಿಗೆ ಸುತ್ತಿಬಳಸಿ ಏನನ್ನೂ ಹೇಳಲಿಲ್ಲ. “ಆವತ್ತು ಶಂಕ್ರಿ ಹೇಳಿದ ಉತ್ತರ ಅವಳದೇ. ತಪ್ಪು ತಿಳ್ಕೊಂಡೋಳು ನಾನು. ಯಾಕೆ ಅಂತ ಅವಳೇ ತೋರಿಸ್ತಾಳೆ,” ಎಂದರು. ಹುಡುಗಿ ಹಣಿಗೆ ಎತ್ತಿ ಹಿಡಿದು, ನೂಲಿನ ಜೋಡಿಯನ್ನು ಸಂದಿಗೆ ತೂರಿಸಿ, “ನಮ್ಮನೇಲಿ ಇದು ಒಂದು,” ಎಂದಳು. ಹಿಂದಿನ ಸಾಲಿನಿಂದ ನೇಕಾರರ ಮಕ್ಕಳು, “ನಮ್ಮನೇಲೂ ಟೀಚರ್, ನಮ್ಮನೇಲೂ!” ಎಂದು ಕೂಗಿದರು.

“ಮನೇಲಿ ಜೋಡಿ ಒಂದು. ಸ್ಕೂಲಲ್ಲಿ ಬೀಜ ಒಂದು. ಎರಡೂ ಗೊತ್ತಿರೋರು ಜಾಣರು,” ಎಂದ ಭ್ರಮರಾಂಬ, ಬೀಜದ ಚಿಪ್ಪನ್ನು ಕೇಶವಯ್ಯನ ಮುಂದಿಟ್ಟರು. “ನೀವೂ ಹಂಚಿ ನೋಡಿ. ಹನ್ನೆರಡು, ನಾಲ್ಕು ಜನಕ್ಕೆ.”

ಕೇಶವಯ್ಯ ಗಂಟಲು ಸರಿಮಾಡಿಕೊಂಡು ಮಂಡಿಯೂರಿದ. ಅಷ್ಟು ವರ್ಷ ಮಗ್ಗದಲ್ಲಿ ಪಳಗಿದ ಬೆರಳು ಯಾರ ಮಾತು ಕೇಳೀತು? ಎರಡೆರಡು ಬೀಜವನ್ನೇ ಎತ್ತತೊಡಗಿತು.

“ಅಪ್ಪಾ!” ಬನಶಂಕರಿ ಅವನ ಮಣಿಕಟ್ಟು ಹಿಡಿದಳು. “ಇದು ಸ್ಕೂಲು. ಒಂದೊಂದೇ.”

ಕ್ಲಾಸು ಗೊಳ್ಳೆಂದಿತು. ಕೇಶವಯ್ಯನೂ ನಕ್ಕ. ಮಗಳು ಹೇಳಿದ ಹಾಗೆ ಒಂದೊಂದೇ ಬೀಜ ಎತ್ತಿ ಇಟ್ಟ. ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು. ಕಪ್ಪು ಹಲಗೆಯ ಮೇಲೆ ಏನೋ ಬಹಳ ಮುಖ್ಯವಾದದ್ದು ಬರೆದಿದೆ ಎಂಬಂತೆ ಅತ್ತ ತಿರುಗಿ ನಿಂತ. ಹೋಗುವಾಗ ಮಗಳನ್ನು ಬೆಂಚಿನ ಮೇಲೆ ಕೂರಿಸಿ, “ಹಾಸಿನ ಕೆಲ್ಸ ನಾನೂ ನಿಮ್ಮಮ್ಮನೂ ನೋಡ್ಕಂತೀವಿ. ನೀನು ಸಂಜೆ ಬಾ,” ಎಂದಷ್ಟೇ ಹೇಳಿದ.

ಮರುವರ್ಷದಿಂದ ಜೂನ್ ತಿಂಗಳಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಮೂರನೇ ಕ್ಲಾಸಿಗೆ ಬಂದ ಮಕ್ಕಳ ತಂದೆತಾಯಿ ಒಂದು ಬೆಳಗ್ಗೆ ಬಂದು ಮಕ್ಕಳ ಜಾಗದಲ್ಲಿ ಕೂರಬೇಕು. ನಿಮ್ಮ ಮನೆಯಲ್ಲಿ ಹೇಗೆ ಎಣಿಸುತ್ತೀರಿ, ಮಗು ಯಾವಾಗ ಸುಮ್ಮನಾಗುತ್ತದೆ, ಸುಮ್ಮನಾದರೆ ನೀವೇನು ಮಾಡುತ್ತೀರಿ ಎಂದು ಭ್ರಮರಾಂಬ ಕೇಳುತ್ತಿದ್ದರು. ಬೀದಿಯ ಜನ ಅದನ್ನು ಮೂರನೇ ಕ್ಲಾಸಿನ ಪಂಚಾಯ್ತಿ ಎಂದು ಗೇಲಿ ಮಾಡುತ್ತಲೇ ತಪ್ಪದೆ ಬರುತ್ತಿದ್ದರು. ಬಾರದವರನ್ನು ಮಗ್ಗದಿಂದ ಎಬ್ಬಿಸಿ ಕರೆತರುವ ಕೆಲಸವನ್ನು ಕೇಶವಯ್ಯ ತಾನಾಗಿ ವಹಿಸಿಕೊಂಡಿದ್ದ.

ಬನಶಂಕರಿ ದೊಡ್ಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ವರ್ಷ, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಒಂದು ಬೆಳಗ್ಗೆ, ಫಲಿತಾಂಶ ತಿಳಿದ ಕೇಶವಯ್ಯ ಒಂದು ಬೆಲ್ಲದಚ್ಚು ಹಿಡಿದು ನಡುಬೀದಿಯಲ್ಲೇ ಟೀಚರಮ್ಮನನ್ನು ತಡೆದು ನಿಲ್ಲಿಸಿದ.

“ಲೆಕ್ಕದಲ್ಲಿ ಸ್ಕೂಲಿಗೇ ಫಸ್ಟು ಟೀಚರಮ್ಮ! ಪೆನುಕೊಂಡದವರ್ಗೂ ಹೇಳ್ಕಂಡು ಬಂದೆ. ಬಸ್ಸಲ್ಲಿ ಸೋಮಂದೇಪಲ್ಲಿಯೋನೊಬ್ಬ, ಇಂಥಾ ಲೆಕ್ಕ ಯಾರಯ್ಯಾ ಹೇಳ್ಕೊಟ್ಟಿದ್ದು ಅಂದ. ನಾನಂದೆ—”

ಬೆಲ್ಲವನ್ನು ಕೈಗೆ ತೆಗೆದುಕೊಂಡ ಭ್ರಮರಾಂಬ, ಸುಮ್ಮನಿರಿ ಎಂಬಂತೆ ಬೆರಳೆತ್ತಿದರು. ಅವರ ಮುಖದ ತುಂಬ ನಗುವಿತ್ತು, ಕಿವಿ ಮಾತ್ರ ಬೇರೆ ಕಡೆ ಇತ್ತು. ಮಗ್ಗಗಳ ಸದ್ದಿನ ಅಡಿಯಲ್ಲಿ ಎಲ್ಲೋ ಗುಂಯ್ ಎನ್ನುತ್ತಿತ್ತು.

“ಅದು ಯಾರ ಮನೆ ಕೇಶವಯ್ಯ?”

“ಓಬುಳಪತಿದು. ಅದಿರ್ಲಿ, ಕೇಳಿ. ದೊಡ್ಡ ಸ್ಕೂಲ್ ಹೆಡ್‌ಮಾಸ್ಟ್ರು ಬನಶಂಕರಿನ ಕರ್ದು—”

“ಓಬುಳಪತಿ ಮನೇಲಿ ಅವ್ನ ತಾಯಿ ಇಲ್ವಾ?”

“ಎಲ್ಲಿ? ಮಗಳ ಊರಿಗೆ ಹೋಗಿ ತಿಂಗಳಾಯ್ತು. ಹೆಡ್‌ಮಾಸ್ಟ್ರು ಕರ್ದು, ನಿನಗೆ ಮೂರನೇ ಕ್ಲಾಸಲ್ಲಿ ಯಾರಮ್ಮಾ ಟೀಚರ್ ಅಂತ ಕೇಳಿದ್ರಂತೆ. ಅದಕ್ಕೆ ನಮ್ಮ ಹುಡುಗಿ ಏನಂದ್ಲು ಗೊತ್ತಾ? ಟೀಚರಮ್ಮಾ... ಅಲ್ಲ, ನಾನು ಹೇಳ್ತಾನೇ ಇದೀನಿ...”

ಭ್ರಮರಾಂಬ ಆಗಲೇ ಛತ್ರಿ ಮಡಿಸಿಕೊಂಡು ಓಬುಳಪತಿಯ ಬಾಗಿಲ ಕಡೆಗೆ ನಡೆದಿದ್ದರು.