ಬೀರುವಿನಲ್ಲಿ ನಮ್ಮದೇನೂ ಇರಲಿಲ್ಲ

2003ರಲ್ಲಿ ನಾನು ಹುಣಸೂರಿನ ಒಂದು ಮಹಿಳಾ ಸಂಘದ ಕಚೇರಿಯಲ್ಲಿ ಆಯಾ ಆಗಿದ್ದೆ. ಕಸ ಗುಡಿಸುವುದು, ಟೀ ಕಾಯಿಸುವುದು, ಬೀರುವಿನ ಬೀಗದ ಕೈ ಜೋಪಾನ ಮಾಡುವುದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು. ಆ ವರ್ಷ ಮೈಸೂರಿನಿಂದ ವಿದ್ಯಾ ಎಂಬ ಹುಡುಗಿ ಬಂದು, ಆ ಬೀರುವಿನಲ್ಲಿ ಆರ್ಕೈವ್ ಮಾಡುತ್ತೇನೆ ಎಂದಳು. ಆರ್ಕೈವ್ ಎಂದರೆ ಹಳೆಯ ಕಾಗದ, ಫೋಟೊಗಳನ್ನು ಮುಂದಿನವರು ನೋಡಲೆಂದು ಕಾಪಾಡಿಡುವುದು. ಅವಳಿಗೆ ಬೇಕಿದ್ದದ್ದು ಹೆಣ್ಣನ್ನೇ ಮೆಚ್ಚಿ ಹೆಣ್ಣಿನ ಜೊತೆ ಬಾಳಿದವರ ಕಾಗದಗಳು. ಲೆಸ್ಬಿಯನ್ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವಳ ಬಾಯಲ್ಲಿ. ಬಾಳು ಮಾತ್ರ ಹೊಸದಾಗಿರಲಿಲ್ಲ. ಗಂಡ ತೀರಿದ ಮೇಲೆ ನನ್ನ ಜೊತೆ ಸೇರಿ ನನ್ನ ಮಗಳನ್ನು ಸಾಕಿದವಳು ಜಯಮ್ಮ. ತಂಬಾಕು ಗೋಡೌನಿನಲ್ಲಿ ಎಲೆ ವಿಂಗಡಿಸುವಾಗ ಸಿಕ್ಕವಳು. ಊರಿಗೆ ನಾವು ಅಕ್ಕತಂಗಿ. ವಿದ್ಯಾಳಿಗೆ ನಿಜ ಹೇಳಿದ್ದೆ.

ಬೀರುವಿಗೆ ಮೊದಲು ಬಂದದ್ದು ಭೇರ್ಯದ ರಿಟೈರ್ಡ್ ಟೀಚರಮ್ಮ ಒಬ್ಬರ ಟ್ರಂಕು. ಅವರ ಗೆಳತಿ ನರ್ಸು, ಕೆಲಸ ದೂರದ ಎನ್. ಬೇಗೂರಿನಲ್ಲಿ. ಇಬ್ಬರೂ ವರ್ಷಗಟ್ಟಲೆ ಬರೆದುಕೊಂಡ ಕಾಗದ ಅದರ ತುಂಬ. ಟೀಚರಮ್ಮ ಒಪ್ಪಿದ್ದರಿಂದ ವಿದ್ಯಾ ಒಂದನ್ನು ನಮಗೆ ಓದಿ ಹೇಳಿದಳು. ಬಸ್ಸು ತಪ್ಪಿ ಭಾನುವಾರ ಹಾಳಾಯಿತೆಂದು ನರ್ಸಮ್ಮ ಬರೆದದ್ದು. ಲೋಟ ತೊಳೆಯಲು ನೆರವಿಗೆ ಬಂದಿದ್ದ ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಟೈಫಾಯ್ಡ್ ಬಂದು ನಾನು ಸಾಯುವಂತಾದಾಗಲೂ ಅವಳ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಈಗ ಯಾರದೋ ಬಸ್ಸು ತಪ್ಪಿದ್ದಕ್ಕೆ ಅಳು.

ಅಂದಿನಿಂದ ಆ ಟ್ರಂಕಿನ ಧೂಳು ಒರೆಸುವಾಗಲೆಲ್ಲ ಉರಿ. ಅವರಿಗೆ ಟ್ರಂಕು ತುಂಬ ಇದೆ, ನಮಗೆ ಒಂದು ಚೀಟಿಯೂ ಇಲ್ಲ. ನಾಳೆ ಯಾರಾದರೂ ಬೀರು ತೆಗೆದರೆ ಟೀಚರಮ್ಮ ಇದ್ದರು, ನರ್ಸಮ್ಮ ಇದ್ದರು. ನಾವು ಹುಟ್ಟೇ ಇರಲಿಲ್ಲ.

ಮನೆಗೆ ಹೋಗಿ ಕೇಳಿದೆ: "ನೀನು ನಂಗೆ ಒಂದ್ ಕಾಗ್ದಾನಾದ್ರೂ ಬರ್ಸಿದ್ದೀಯೇನೇ?"

"ಒಂದೇ ಚಾಪೆ ಮ್ಯಾಗೆ ಮನಗೋರ್ಗೆ ಕಾಗ್ದ ಯಾಕ್ಲೇ? ನಡ್ವೆ ಅಂಚೆಯವನ್ನ ಮನಗಿಸ್ಕೋಬೇಕಿತ್ತಾ?" ಎಂದಳು.

ಮಾರನೇ ದಿನ ವಿದ್ಯಾಳನ್ನು ನಿಲ್ಲಿಸಿ, ಬರೆಯಲು ಬರದವರು ನಿನ್ನ ಲೆಕ್ಕಕ್ಕಿಲ್ಲವೇನು ಎಂದೆ. ಅವಳು ಮುಂದಿನ ವಾರ ಟೇಪ್‌ರೆಕಾರ್ಡರ್ ತಂದಳು. ಮಾತನ್ನೂ ಕಾಗದದ ಹಾಗೆ ಕೂಡಿಡಬಹುದಂತೆ, ಅದಕ್ಕೆ ಓರಲ್ ಹಿಸ್ಟರಿ ಎನ್ನುತ್ತಾರಂತೆ.

ಜಯಮ್ಮ ಒಪ್ಪಲಿಲ್ಲ. ಊರಿಗೆ ಗೊತ್ತಾದರೆ ಮೊಮ್ಮಗಳಿಗೆ ಗಂಡು ಸಿಗುವುದಿಲ್ಲ ಎಂದಳು. ಅವಳ ಮದುವೆ ಆಗುವ ತನಕ ಕ್ಯಾಸೆಟ್ ಯಾರಿಗೂ ಕೇಳಿಸುವುದಿಲ್ಲ ಎಂದು ವಿದ್ಯಾ ಮಾತು ಕೊಟ್ಟ ಮೇಲೆ ಬಂದು ಕೂತಳು. ಒಂದು ಕಡೆಯ ಟೇಪೆಲ್ಲ ನನ್ನ ಗೊರಕೆ, ನನ್ನ ಸಿಟ್ಟು, ನಾನು ಸಾರಿಗೆ ಸುರಿಯುವ ಉಪ್ಪು. ನಾನೂ ಬಿಡಲಿಲ್ಲ, ಕೂತಲ್ಲಿಂದಲೇ ಬೈದೆ. ಕೊನೆಗೆ ವಿದ್ಯಾ ಕೇಳಿದಳು: "ಇವರು ನಿಮಗೆ ಏನಾಗಬೇಕು ಅಜ್ಜಿ?"

ಜಯಮ್ಮ ನನ್ನ ಕಡೆ ಬೆರಳು ತೋರಿಸಿದಳು.

"ಇವ್ಳು ಕೆಲ್ಸದಿಂದ ಬರೋಗಂಟ ನಾನು ಉಣ್ಣಾಕಿಲ್ಲ ಕಣವ್ವ. ಅದ್ಕೆ ಏನಂತ ಹೆಸ್ರೋ, ಓದ್ದೋಳು ನೀನೇ ಬರ್ಕೋ."

ನಾನು ಟೀ ನೆವ ಮಾಡಿ ಎದ್ದು ಹೋದೆ.

ಈಗ ಮೊಮ್ಮಗಳಿಗೆ ಮಕ್ಕಳೂ ಆಗಿವೆ. ಜಯಮ್ಮನನ್ನು ಕೇಳಿಯೇ ಇದನ್ನು ಬರೆಸಿದ್ದೇನೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾಗದ ಇರುವವರನ್ನು ಕಾಯಲು ಒಂದು ಬೀಗ ಸಾಕು. ಇಲ್ಲದವರ ಬಳಿಗೆ ಅವರು ಬದುಕಿರುವಾಗಲೇ ಹೋಗಿ ಕೇಳಬೇಕು. ಹೊಟ್ಟೆಕಿಚ್ಚೇನೂ ಹೋಗಲಿಲ್ಲ. ಟೀಚರಮ್ಮನದು ಒಂದು ಟ್ರಂಕು, ನಮ್ಮದು ಒಂದು ಕ್ಯಾಸೆಟ್. ಅದನ್ನು ಟ್ರಂಕಿನ ಮುಂದೆಯೇ ಇಟ್ಟೆ. ಬೀರು ತೆಗೆದವರ ಕೈಗೆ ಮೊದಲು ನಾವು ಸಿಗಬೇಕು.