ಸದ್ದು ನಿಲ್ಲಿಸುವ ಗುಂಡಿ

ಜಹೀರಾಬಾದಿನ ಆ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಆರು ಮಂಚ, ಎರಡು ವೆಂಟಿಲೇಟರ್, ಹಗಲು ಪಾಳಿಗೆ ನಾವಿಬ್ಬರು ನರ್ಸುಗಳು. ಮೊಗುಡಂಪಲ್ಲಿಯಿಂದ ಬೆಳಗಿನ ಬಸ್ಸಿಗೆ ಬಂದು ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅಲಾರಂ ಕೇಳಿಸುತ್ತಿತ್ತು. ರೋಗಿ ಕೆಮ್ಮಿದರೆ ಕೂಗು, ಮಗ್ಗುಲಾದರೆ ಕೂಗು, ಪೈಪಿನಲ್ಲಿ ಎರಡು ಹನಿ ನೀರು ನಿಂತರೂ ಕೂಗು. ಮನೆಗೆ ಹೋಗಿ ಅಡುಗೆಗೆ ನಿಂತರೆ ಕುಕ್ಕರಿನ ಸೀಟಿಗೂ ನನಗೆ ರೇಗುತ್ತಿತ್ತು.

ಆ ವಾರ ಮೂರನೇ ಮಂಚದಲ್ಲಿದ್ದವನು ನಾರಾಯಣಖೇಡ ಕಡೆಯ ರೈತ. ವಯಸ್ಸು ಐವತ್ತರ ಆಸುಪಾಸು, ನ್ಯುಮೋನಿಯಾ ಎರಡೂ ಕಡೆ ಹಬ್ಬಿತ್ತು. ಬಾಯೊಳಗಿನ ನಳಿಕೆಯ ಮೂಲಕ ವೆಂಟಿಲೇಟರೇ ಅವನಿಗೆ ಉಸಿರು ಕೊಡುತ್ತಿತ್ತು. ನಿದ್ದೆಯ ಔಷಧಿಯಲ್ಲಿ ಮಲಗಿದ್ದ. ಕೊರಳಿನ ಲಿಂಗವನ್ನು ತೆಗೆಯಬೇಕೆಂದಾಗ ಅವನ ಹೆಂಡತಿ ವಾದ ಮಾಡಲಿಲ್ಲ, ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ತೋಳಿಗೆ ಕಟ್ಟಿದಳು. ಆಮೇಲೆ ಕಾಲಬದಿಯ ಸ್ಟೂಲಿನ ಮೇಲೆ ಕೂತವಳು ಹೆಚ್ಚು ಮಾತಾಡಿದ್ದೇ ಇಲ್ಲ.

ಮಾತೆಲ್ಲ ಅವನ ತಮ್ಮನದು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಒಬ್ಬರೇ ಒಳಗಿರಬೇಕು ಎಂದು ಎಷ್ಟು ಸಲ ಹೇಳಿದರೂ ಹೊರಗೆ ಹೋಗಿ ಹತ್ತು ನಿಮಿಷಕ್ಕೆ ಮತ್ತೆ ಬರುತ್ತಿದ್ದ. ಮಿಷನ್ ಯಾಕೆ ಒದರುತ್ತದೆ, ಬೇರೆ ಮಿಷನ್ ಇಲ್ಲವೇ, ಹೈದರಾಬಾದಿಗೆ ಒಯ್ಯಲೇ ಎಂದು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕೇಳುತ್ತಿದ್ದ. ಉತ್ತರ ಕೊಡುವಷ್ಟು ಪುರುಸೊತ್ತು ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮಿಷನ್ ಒತ್ತಡ ಸ್ವಲ್ಪ ಏರಿದರೂ ಕೂಗುವಂತೆ ಹಿಂದಿನ ರೋಗಿಯ ಲೆಕ್ಕಕ್ಕೇ ಇತ್ತು. ಮಿತಿ ಬದಲಿಸಬೇಕೆಂದು ಡಾಕ್ಟರಿಗೆ ಎರಡು ಸಲ ಹೇಳಿದ್ದೆ. ರೌಂಡ್ಸ್ ಮುಗಿಯಲಿ ಎಂದಿದ್ದರು. ಅಲ್ಲಿಯವರೆಗೆ ನಾನು ಮಾಡುತ್ತಿದ್ದುದು ಒಂದೇ: ಹೋಗುವುದು, ಗಂಟೆಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಗುಂಡಿ ಒತ್ತುವುದು, ಬರುವುದು. ಎರಡು ನಿಮಿಷ ಶಾಂತಿ.

ಮೂರನೇ ದಿನ ಹನ್ನೊಂದರ ಹೊತ್ತಿಗೆ ಪೈಪಿನಲ್ಲಿ ಮತ್ತೆ ನೀರು ತುಂಬಿ ಒತ್ತಡದ ಅಲಾರಂ ಹೊಡೆಯಿತು. ಕೆಳಗಿನ ಜೋಡಣೆ ಬಿಚ್ಚಿ ನೀರು ಚೆಲ್ಲಿ ಸಿಕ್ಕಿಸುತ್ತಿರುವಾಗಲೇ ಆರನೇ ಮಂಚಕ್ಕೆ ಹೊಸ ರೋಗಿ ಬಂದ. ಜೊತೆಯ ನರ್ಸು ರಕ್ತದ ಮಾದರಿ ಕೊಡಲು ಕೆಳಗೆ ಹೋಗಿದ್ದಳು. ನಾನು ಅತ್ತ ಓಡಿದೆ. ಸೂಜಿ ಹಾಕುತ್ತಿರುವಾಗ ಹಿಂದೆ ಮೂರನೇ ಮಂಚದ ಅಲಾರಂ ಕೇಳಿಸಿತು, ಕೂಡಲೇ ನಿಂತಿತು. ಕೆಮ್ಮಿರಬೇಕು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ರೈತನ ಹೆಂಡತಿ ನನ್ನ ಪಕ್ಕ ಬಂದು ನಿಂತಳು. ಬರ್ತೀನಿ, ತಡೀರಿ ಎಂದು ತಿರುಗಿ ನೋಡದೆ ಹೇಳಿದೆ. ಅವಳು ನನ್ನ ಮೊಣಕೈ ಹಿಡಿದಳು.

"ಎದಿ ಏಳವಲ್ದು ನೋಡವಾ," ಎಂದಳು.

ನೋಡಿದೆ. ಏಳುತ್ತಿರಲಿಲ್ಲ. ಮಾನಿಟರಿನಲ್ಲಿ ಆಕ್ಸಿಜನ್ ಸಂಖ್ಯೆ ಆಗಷ್ಟೇ ಇಳಿಯಲು ಶುರುವಾಗಿತ್ತು. ಎಲ್ಲಿ ಏನಾಗಿದೆ ಎಂದು ಹುಡುಕುವ ಹೊತ್ತು ಅದಲ್ಲ. ಮಿಷನ್ನಿನ ಪೈಪು ಕಳಚಿ, ಆಕ್ಸಿಜನ್ ಜೋಡಿಸಿದ ಆಂಬು ಚೀಲವನ್ನು ನಳಿಕೆಗೆ ಹಚ್ಚಿ ಕೈಯಿಂದ ಒತ್ತತೊಡಗಿದೆ. ಎದೆ ಎದ್ದಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು. ಸಂಖ್ಯೆ ಎಂಬತ್ತರ ಕೆಳಗೆ ಹೋಗಿ ಅಲ್ಲೇ ನಿಂತು, ನಿಧಾನಕ್ಕೆ ಮೇಲೆ ಬಂತು. ನನ್ನ ಕೂಗಿಗೆ ಡಾಕ್ಟರು ಓಡಿಬಂದು ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಿದರು. ಮಂಚದ ಕೆಳಗೆ, ನಾನು ನೀರು ಚೆಲ್ಲಿ ಸಿಕ್ಕಿಸಿದ ಜಾಗದಲ್ಲೇ ಜೋಡಣೆ ಬಿಟ್ಟುಹೋಗಿತ್ತು. ಗಾಳಿಯೆಲ್ಲ ನೆಲಕ್ಕೆ ಹೋಗುತ್ತಿತ್ತು.

ಹಾಗಾದರೆ ಅಲಾರಂ ನಿಂತದ್ದು ಹೇಗೆ? ಗುಂಡಿ ಒತ್ತಿ ನಿಲ್ಲಿಸಿದವನು ತಮ್ಮ, ಇನ್ನೂ ಮಿಷನ್ನಿನ ಪಕ್ಕದಲ್ಲೇ ನಿಂತಿದ್ದ. ನನಗೆ ಮೈಯೆಲ್ಲ ಉರಿಯಿತು. ನಿಮಗೆ ಯಾರು ಮುಟ್ಟಲು ಹೇಳಿದರು, ಅಣ್ಣನ ಜೀವ ಹೋಗುತ್ತಿತ್ತಲ್ಲ ಎಂದು ಎಲ್ಲರೆದುರು ಬೈದೆ. ಅವನ ಮುಖ ಬಿಳಿಚಿತ್ತು. ವಾದಿಸುವ ದನಿ ಅದಾಗಿರಲಿಲ್ಲ.

"ಮುಂಜಾನಿಂದ ನೀವೂ ಅದನ್ನೇ ಒತ್ತಲಕತ್ತೀರಿ, ಅಕ್ಕಾ. ಒತ್ತಿದ್ರ ಸರಿ ಆಗ್ತದ ಅಂತ ತಿಳ್ಕೊಂಡಿನ್ರಿ."

ಅವನಿಗೆ ಅದನ್ನು ಕಲಿಸಿಕೊಟ್ಟವಳು ನಾನೇ. ಸರಿಯಾಗಿ ಸಿಕ್ಕಿಸದೆ ಓಡಿದವಳೂ ನಾನೇ. ಸದ್ದು ನಿಂತರೆ ತೊಂದರೆ ನಿಂತಿತು ಎಂದು ನಾನೂ ನಂಬಿದ್ದೆನಲ್ಲ. ಮಿಷನ್ನಿನತ್ತ ನಾವು ಯಾರೂ ನೋಡದ ಆ ಹೊತ್ತಿನಲ್ಲಿ, ಅದರ ಒಂದು ಅಂಕಿಯೂ ಓದಲು ಬಾರದ ಹೆಂಗಸು ಗಂಡನನ್ನು ನೋಡುತ್ತಿದ್ದಳು.

ರಿಜಿಸ್ಟರಿನಲ್ಲಿ ನಡೆದದ್ದನ್ನೆಲ್ಲ ನನ್ನ ಹೆಸರಿನಲ್ಲೇ ಬರೆದೆ. ಇಷ್ಟೆಲ್ಲ ಬರೆಯುವುದು ಯಾಕೆ ಬೇಕಿತ್ತು ಎಂದು ನರ್ಸುಗಳ ಇನ್‌ಚಾರ್ಜ್ ಗೊಣಗಿದರು. ಡಾಕ್ಟರು ಅವತ್ತೇ ಕೂತು ಅಲಾರಂ ಮಿತಿಗಳನ್ನು ಈ ರೋಗಿಗೆ ತಕ್ಕಂತೆ ಇಟ್ಟರು. ಹತ್ತು ನಿಮಿಷದ ಕೆಲಸ. ಮೂರು ದಿನ ಆಗದಿದ್ದುದು ಹತ್ತು ನಿಮಿಷಕ್ಕೆ ಆಯಿತಲ್ಲ ಎಂದು ಮತ್ತೆ ಸಿಟ್ಟು ಬಂತು. ತಮ್ಮನನ್ನು ಕರೆದು, ಕೂಗಿದರೆ ಮೊದಲು ಎದೆ ನೋಡಿ, ನನ್ನನ್ನು ಕರೀರಿ, ಗುಂಡಿ ಮುಟ್ಟಬೇಡಿ ಎಂದು ತೋರಿಸಿಕೊಟ್ಟೆ. ಮೊದಲ ದಿನವೇ ಹೇಳಿದ್ದರೆ ಎರಡು ನಿಮಿಷ ಸಾಕಾಗುತ್ತಿತ್ತು.

ಏಳನೇ ದಿನ ರೈತನ ನಳಿಕೆ ತೆಗೆದೆವು. ಗೊಗ್ಗರು ದನಿಯಲ್ಲಿ ಮೊದಲು ಕೇಳಿದ್ದು ತೊಗರಿಗೆ ಔಷಧಿ ಹೊಡೆದರೋ ಇಲ್ಲವೋ ಎಂದು. ತಮ್ಮ ಉತ್ತರ ಶುರುಮಾಡಿ ನಿಲ್ಲಿಸಲೇ ಇಲ್ಲ. ಮಾತಾಡಿಸಬೇಡಿ, ಗಂಟಲು ನೋಯ್ತದೆ ಎಂದು ಅವನನ್ನು ಹೊರಗೆ ಕಳಿಸಬೇಕಾಯಿತು. ಹತ್ತು ನಿಮಿಷಕ್ಕೆ ಮತ್ತೆ ಬಂದ.