ಆಗ್ನೇಯಕ್ಕೆ ಮುಖ ಮಾಡಿದ ಅಂಬಾಸಿಡರ್

ನಾನು ಮದುವೆಯಾಗಿ ಜಯನಗರದ ಮನೆಗೆ ಬಂದಾಗ ಅಲ್ಲಿ ಒಂದು ಬಿಳಿ ಅಂಬಾಸಿಡರ್ ಕಾರು ಇತ್ತು. ಅದನ್ನು ಮಾವನವರ ಹೊರತು ಬೇರೆ ಯಾರೂ ಓಡಿಸುವಂತಿರಲಿಲ್ಲ. ಅವರು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ದಾರಿ ಹೇಳುವಾಗ ಎಡ, ಬಲ ಎನ್ನುತ್ತಿರಲಿಲ್ಲ. ಉತ್ತರ, ದಕ್ಷಿಣ ಎನ್ನುತ್ತಿದ್ದರು. ಮೊದಲ ದಿನ ಊಟಕ್ಕೆ ಕೂತಾಗ, "ಉಪ್ಪಿನಕಾಯಿ ನಿನ್ನ ಪಶ್ಚಿಮಕ್ಕಿದೆ, ಸ್ವಲ್ಪ ಈ ಕಡೆ ತಳ್ಳಮ್ಮ" ಎಂದಿದ್ದರು. ನಾನು ಗಾಬರಿಯಿಂದ ಹಪ್ಪಳ ಕೊಟ್ಟಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಉಪಗ್ರಹದಿಂದ ನೇರವಾಗಿ ಹಾಡು ಹಿಡಿಯುವ ಡಿಜಿಟಲ್ ರೇಡಿಯೋ ಆಗಷ್ಟೇ ಬೆಂಗಳೂರಿಗೆ ಬಂದಿತ್ತು. ನನ್ನ ಗಂಡ ಒಂದು ಸೆಟ್ ತಂದು ಅಪ್ಪನ ಕೈಗಿಟ್ಟರು. ಅದರಲ್ಲಿ ಇಪ್ಪತ್ತನಾಲ್ಕು ಗಂಟೆ ಕರ್ನಾಟಕ ಸಂಗೀತ. ಕೊರಕೊರ ಸದ್ದಿಲ್ಲ, ಸೋಪಿನ ಜಾಹೀರಾತಿಲ್ಲ. ಅಂಗೈಯಗಲದ ಚಪ್ಪಟೆ ಆಂಟೆನಾವನ್ನು ಉಪಗ್ರಹ ಇರುವ ದಿಕ್ಕಿಗೆ, ಎಂದರೆ ಸುಮಾರು ಆಗ್ನೇಯಕ್ಕೆ, ಓರೆಯಾಗಿ ನಿಲ್ಲಿಸಿದರೆ ಸಾಕು. ಬಾಲ್ಕನಿಯಲ್ಲಿ ಅದು ಚೆನ್ನಾಗಿಯೇ ಹಾಡುತ್ತಿತ್ತು. "ಆಗ್ನೇಯ ಅಂದ್ರೆ ಅಡುಗೆಮನೆ ದಿಕ್ಕು, ಹಾಡಿಗೂ ಅದಕ್ಕೂ ಏನು ಸಂಬಂಧ" ಎಂದು ಅತ್ತೆ ಒಮ್ಮೆ ಕೇಳಿದರು.

ಒಂದು ತಿಂಗಳಾದ ಮೇಲೆ ಮಾವನವರು ಅದನ್ನು ಕಾರಿನಲ್ಲಿ ಹಾಕಿಸಬೇಕು ಎಂದರು.

"ಅದು ಕಾರಿಗಲ್ಲ ಅಪ್ಪ, ಮನೇಲಿ ಇಟ್ಕೊಳ್ಳೋದು" ಎಂದರು ನನ್ನ ಗಂಡ.

"ಉಪಗ್ರಹಕ್ಕೆ ಮನೆ ಯಾವುದು, ಕಾರು ಯಾವುದು ಅಂತ ಗೊತ್ತಾಗುತ್ತಾ?"

ಅವತ್ತಿನಿಂದ ನನ್ನ ಗಂಡ ಆ ಕಾರನ್ನೇ ಹತ್ತಲಿಲ್ಲ.

ಮೂರು ಅಂಗಡಿಯವರು ಆಗುವುದಿಲ್ಲ ಎಂದು ಕಳಿಸಿದ ಮೇಲೆ ಬಿಟಿಎಂ ಲೇಔಟಿನಲ್ಲಿ ಕಾರ್ ಸ್ಟೀರಿಯೋ ಕೂರಿಸುವ ಒಬ್ಬರು ಸಿಕ್ಕಿದರು. ಗದಗ ಕಡೆಯವರು, ನಲವತ್ತರ ಆಸುಪಾಸು, ಅಂಗಡಿಯ ಹಿಂದಿನ ಕೋಣೆಯಲ್ಲೇ ಸಂಸಾರ. ಮಾವನವರು ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಸರ್, ನೀವು ಕೇಳಾಕತ್ತಿದ್ದು ರೇಡಿಯೋ ಅಲ್ರೀ. ಗಾಡಿ ಯಾ ಕಡೆ ಹೊಳ್ಳಿದ್ರೂ ಅದರ ಮಾರಿ ಮಾತ್ರ ಒಂದ ಕಡೆ ಇರಬೇಕು. ಅಂದ್ರ ಗಾಡಿ ಎಡಕ್ಕ ಹೊಳ್ಳಿದ್ರ ಅದನ್ನ ಯಾರರೆ ಬಲಕ್ಕ ತಿರುವಬೇಕು."

"ಯಾರಾದರೂ ತಿರುಗಿಸ್ತಾರೆ" ಎಂದರು ಮಾವನವರು. ಆಮೇಲೆ ಇಬ್ಬರೂ ಜೊತೆಗೆ ಬಂದಿದ್ದ ನನ್ನ ಕಡೆ ನೋಡಿದರು.

ಕಾರಿನೊಳಗೆ ಆಂಟೆನಾ ಇಟ್ಟರೆ ತಗಡಿನ ಛಾವಣಿ ದಾಟಿ ಏನೂ ಬರುವುದಿಲ್ಲ. ಹಾಗಾಗಿ ಛಾವಣಿಗೆ ತೂತು ಕೊರೆಯಬೇಕು. ಇದಕ್ಕೆ ಒಪ್ಪಲು ಮಾವನವರಿಗೆ ಒಂದು ವಾರ ಹಿಡಿಯಿತು. ಡ್ರಿಲ್ಲಿಂಗ್ ಯಂತ್ರ ಸದ್ದು ಮಾಡಿದಾಗ ಅವರು ರಸ್ತೆಯಾಚೆ ಹೋಗಿ, ಬೆನ್ನು ತಿರುಗಿಸಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಗದಗಿನವರು ಒಂದು ಹಳೇ ಕೊಡೆಯ ಬಟ್ಟೆ, ಕಡ್ಡಿಗಳನ್ನೆಲ್ಲ ಕಿತ್ತು, ಅದರ ದಂಡವನ್ನು ತೂತಿನಲ್ಲಿ ತೂರಿಸಿದರು. ಮೇಲಿನ ತುದಿಗೆ ಆಂಟೆನಾ, ಮಳೆಗೆ ನೆನೆಯದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಡಬ್ಬಿ. ಕೆಳಗೆ, ಹಿಂದಿನ ಸೀಟಿನ ಮೇಲೆ, ಕೊಡೆಯ ಬಾಗಿದ ಹಿಡಿ ನೇತಾಡುತ್ತಿತ್ತು. ಹಿಡಿಯ ಕೊಕ್ಕೆ ಯಾವ ಕಡೆಗಿದೆಯೋ ಆಂಟೆನಾದ ಮುಖವೂ ಆ ಕಡೆಗೆ.

ನಾನು ಜೆ.ಪಿ. ನಗರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಾವನವರು ಬೆಳಿಗ್ಗೆ ನನ್ನನ್ನು ಅಲ್ಲಿಗೆ ಬಿಡುತ್ತಿದ್ದರು. ಮರುದಿನದಿಂದ ನಾನು ಹಿಂದಿನ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಕೊಡೆಯ ಹಿಡಿ ಹಿಡಿದುಕೊಂಡೆ.

"ಈಗ ಪಶ್ಚಿಮಕ್ಕೆ ತಿರುಗ್ತಾ ಇದ್ದೀವಿ. ನೀನು ಹಿಂದಕ್ಕೆ ತಿರುಗಿಸು. ಇನ್ನೂ. ಸಾಕು. ಜಾಸ್ತಿ ಆಯ್ತು."

ಹಾಡು ಬರುತ್ತಿತ್ತು, ಹೋಗುತ್ತಿತ್ತು. ನಮ್ಮ ನಾಲ್ಕನೇ ಬ್ಲಾಕಿನ ಸಾಲುಮರಗಳ ಕೆಳಗೆ ಹೊಕ್ಕ ಕೂಡಲೇ ರಾಗ ಅರ್ಧಕ್ಕೆ ನಿಂತುಬಿಡುತ್ತಿತ್ತು, ಮರ ದಾಟಿದರೆ ಮೃದಂಗದ ಕೊನೆಯ ಪೆಟ್ಟು ಕೇಳುತ್ತಿತ್ತು. ನಡುವೆ ಏನಾಯಿತೆಂದು ನಾವಿಬ್ಬರೂ ಊಹಿಸಿಕೊಳ್ಳಬೇಕು. ಊಹೆ ಮಾಡಿಕೊಂಡು ಬದುಕುವುದು ಮಾವನವರ ಸ್ವಭಾವವಲ್ಲ. ಅವರು ಮರಗಳಿಲ್ಲದ ರಸ್ತೆಗಳನ್ನು ಹುಡುಕಿ ಹೋಗತೊಡಗಿದರು. ಹತ್ತು ನಿಮಿಷದ ದಾರಿ ನಲವತ್ತು ನಿಮಿಷವಾಯಿತು. ಯಾಕೆ ತಡ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದಾಗ, ಬೇರೇನೂ ತೋಚದೆ, "ದಾರೀಲಿ ಮರ ಇತ್ತು ಮೇಡಂ" ಎಂದೆ. ಬಿದ್ದಿತ್ತು ಎಂದುಕೊಂಡು ಅವರು ಮರುಕಪಟ್ಟರು.

ಬನಶಂಕರಿಯ ಸಿಗ್ನಲ್ಲಿನಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ಇರುತ್ತಿದ್ದ. ಬಿಳಿ ಅಂಬಾಸಿಡರ್, ತಲೆಯ ಮೇಲೆ ನಿಧಾನವಾಗಿ ತಿರುಗುವ ಡಬ್ಬಿ, ಹಿಂದಿನ ಸೀಟಿನಲ್ಲಿ ಗಂಭೀರವಾಗಿ ಕೂತ ಹೆಂಗಸು. ಇಷ್ಟನ್ನೂ ಒಟ್ಟಿಗೆ ನೋಡಿ ಅವನು ಸೆಲ್ಯೂಟ್ ಹೊಡೆದ. ಮಾವನವರು ಸಂಕೋಚದಿಂದ ತಿರುಗಿ ಸೆಲ್ಯೂಟ್ ಹೊಡೆದರು. ಆಮೇಲೆ ಅವನು ದಿನಾ ನಮಗಾಗಿ ಅಡ್ಡ ಬರುವ ಬಸ್ಸುಗಳನ್ನು ನಿಲ್ಲಿಸತೊಡಗಿದ. ನಾವು ಯಾರೆಂದು ಅವನು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳಬಾರದೆಂದು ನಾವು ತೀರ್ಮಾನಿಸಿದ್ದೆವು.

ಅಷ್ಟು ಹೊತ್ತಿಗೆ ಮಾವನವರು ದಕ್ಷಿಣ ಬೆಂಗಳೂರಿನ ಒಂದು ದೊಡ್ಡ ನಕ್ಷೆ ತಂದು, ಭಾನುವಾರಗಳಂದು ನನ್ನನ್ನು ಕೂರಿಸಿಕೊಂಡು ರಸ್ತೆ ರಸ್ತೆ ಅಲೆದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಆಕಾಶಕ್ಕೆ ಮರ ಅಡ್ಡವಿದ್ದ ಕಡೆ 'ಮರ'. ಅಲ್ಲಲ್ಲಿ ಆಕಾಶ ಕಾಣುವ ಕಡೆ 'ಭಾಗಶಃ ತೆರವು'. ಒಂದೂ ಮರವಿಲ್ಲದ ರಸ್ತೆ ಸಿಕ್ಕಿದರೆ 'ಪೂರ್ತಿ ತೆರವು'.

ಚಿಕ್ಕಲಸಂದ್ರದ ಒಂದು ಹೊಸ ಬಡಾವಣೆಯಲ್ಲಿ ಅಂಥ ರಸ್ತೆ ಸಿಕ್ಕಿತು. ನೇರ ಪೂರ್ವಕ್ಕೆ ಹೋಗುವ ಅಗಲ ರಸ್ತೆ. ಎರಡೂ ಬದಿ ಮೂರಂತಸ್ತಿನ ಬಾಡಿಗೆ ಮನೆಗಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ಮಾವನವರು ಹರ್ಷದಿಂದ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ಜೇಬಿನಿಂದ ದಿಕ್ಸೂಚಿ ತೆಗೆದರು. ನಾನು ಒಳಗೆ ಕೂತು ಹಿಡಿ ತಿರುಗಿಸಿ ನೋಡುತ್ತಿದ್ದೆ. ಮೇಲೆ ಡಬ್ಬಿ ತಿರುಗುತ್ತಿತ್ತು.

ಪಕ್ಕದ ಮನೆಯಿಂದ ಬನಿಯನ್, ಪಂಚೆಯಲ್ಲಿದ್ದ ಒಬ್ಬರು ಇಳಿದು ಬಂದರು. ಆ ರಸ್ತೆಯ ನಾಲ್ಕು ಮನೆಗಳ ಯಜಮಾನರು. ಇಪ್ಪತ್ತು ವರ್ಷದ ಹಿಂದೆ ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದೆ ಎಂದು ಆಮೇಲೆ ಹೇಳಿದರು. ಅವರು ಮಾವನವರ ಭುಜದ ಮೇಲಿಂದ ಬಗ್ಗಿ, ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಿದ್ದುದನ್ನು ಒಂದೊಂದೇ ಅಕ್ಷರ ಓದಿದರು.

"ಪೂರ್ತಿ ತೆರವು" ಎಂದರು.

"ಹೌದು" ಎಂದರು ಮಾವನವರು. "ಬಹಳ ಅಪರೂಪ ಇಂಥಾ ರಸ್ತೆ."

ಯಜಮಾನರು ತಿರುಗಿ ತಮ್ಮ ನಾಲ್ಕೂ ಮನೆಗಳನ್ನು ನೋಡಿದರು. ಐದು ನಿಮಿಷದಲ್ಲಿ ರಸ್ತೆಯ ಅಷ್ಟೂ ಮನೆಯವರು ಕಾರಿನ ಸುತ್ತ ಸೇರಿದ್ದರು. ನನಗೆ ವಿಷಯ ಅರ್ಥವಾಗಿ, ಕಾರಿನಿಂದ ಇಳಿದು, ಇದು ಸರ್ವೆ ಅಲ್ಲ, ರೇಡಿಯೋ ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ.

"ಅರ್ಧಾನಾದ್ರೂ ಬುಡಿ ಸಾರ್. ಮುಂದುಗಡೆ ಮೆಟ್ಲು ಬೇಕಾದ್ರೆ ತಗಳಿ" ಎಂದರು ಯಜಮಾನರು.

"ನಾವು ಭೂಮಿ ಅಳೀತಾ ಇಲ್ಲ. ಮೇಲೆ ಉಪಗ್ರಹ ಇದೆಯಲ್ಲ, ಅದಕ್ಕೂ ನಮಗೂ ಮಧ್ಯೆ ಏನೂ ಇರಬಾರದು, ಅಷ್ಟೇ."

"ಅಂದ್ರೆ ಮ್ಯಾಲಿಂದ್ಲೇ ಅಳೀತೀರಾ?"

ಪಾಠ ಹೇಳುವ ಅಭ್ಯಾಸ ಬಿಟ್ಟಿರದ ಮಾವನವರು ಭೂಮಿ, ಭೂಮಧ್ಯರೇಖೆ, ಉಪಗ್ರಹದ ಎತ್ತರ ಎಲ್ಲವನ್ನೂ ವಿವರಿಸಿದರು. ವಿವರಿಸಿದಷ್ಟೂ ಜನರ ಮುಖ ಬಾಡುತ್ತಾ ಹೋಯಿತು. ಕೊನೆಗೆ ನಾನೇ ಒಳಗೆ ಹೋಗಿ ರೇಡಿಯೋದ ಸದ್ದು ಜೋರು ಮಾಡಿದೆ. ಅವಸರದಲ್ಲಿ ಬೇರೆ ಚಾನೆಲ್ ಒತ್ತಿಬಿಟ್ಟಿದ್ದೆ. ಯಾವುದೋ ದೇಶದ ಹೆಂಗಸೊಬ್ಬಳು ಯಾವುದೋ ಭಾಷೆಯಲ್ಲಿ ಒಂದೇ ಸಮನೆ ಏನೋ ಓದುತ್ತಿದ್ದಳು. ನಡುನಡುವೆ ಇಂಗ್ಲಿಷಿನ ಅಂಕಿಗಳು ಮಾತ್ರ ತಿಳಿಯುತ್ತಿದ್ದವು.

ಯಜಮಾನರು ಕಿಟಕಿಗೆ ಕಿವಿಕೊಟ್ಟು ಕೇಳಿದರು. "ಹದಿನೇಳು ಅಂದ್ಲು" ಎಂದರು ಪಕ್ಕದವರಿಗೆ. "ನಿಂದೇ ಕಣಪ್ಪ ಸೈಟ್ ನಂಬರ್ರು."

ಹದಿನೇಳನೇ ಸೈಟಿನವರು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರ ಹೆಂಡತಿ ನೀರು ತಂದರು. ಅಷ್ಟರಲ್ಲಿ ನನಗೆ ಸರಿಯಾದ ಚಾನೆಲ್ ಸಿಕ್ಕಿ ನಾಗಸ್ವರ ಶುರುವಾಯಿತು. ಆ ರಸ್ತೆಯಲ್ಲಿ ಅದು ಎಲ್ಲಿಯೂ ಮುರಿಯದೆ, ತಡೆಯದೆ, ತುಂಬಿ ಬಂತು. ಯಜಮಾನರ ಮುಖ ಸ್ವಲ್ಪ ಸಡಿಲವಾಯಿತು.

"ನಮ್ಮ ಮದುವೇಲಿ ಊದಿದ್ರು ಹಿಂಗೇ" ಎಂದರು. ನಕ್ಷೆಯ ಕಡೆ ಬೆರಳು ತೋರಿಸಿ, "ಹಾಡು ಚೆನ್ನಾಗದೆ. ಆದ್ರೂ ಆ ತೆರವು ಅನ್ನೋದ್ನ ಅಳಿಸ್ಬುಡಿ" ಎಂದರು.

"ಅದು ಹೇಗೆ ಅಳಿಸೋದು? ತೆರವು ಇರೋದು ನಿಜ ತಾನೇ?"

"ಮಾವ, ಅಳಿಸಿ" ಎಂದೆ ನಾನು.

"ಮರ ಒಂದೂ ಇಲ್ಲದೆ ಏನಮ್ಮ ಅಳಿಸೋದು? ಮರ ಇದ್ದಿದ್ದರೆ ನಾವು ಈ ರಸ್ತೆಗೆ ಬರ್ತಾನೇ ಇರಲಿಲ್ಲ."

ಈ ಮಾತನ್ನು ಎಲ್ಲರೂ ಕೇಳಿಸಿಕೊಂಡರು.

ಮುಂದಿನ ಭಾನುವಾರ ನಾವು ಹೋದಾಗ ರಸ್ತೆಯ ಉದ್ದಕ್ಕೂ ಗುಂಡಿ ತೋಡಿ ಹೊಂಗೆ ಸಸಿ ನೆಟ್ಟಿದ್ದರು. ಪ್ರತಿ ಮನೆಯ ಮುಂದೆ ಎರಡೆರಡು. ಹದಿನೇಳನೇ ಸೈಟಿನ ಮುಂದೆ ಆರು. ಮಾವನವರು ಕಾರಿನಲ್ಲೇ ಕೂತು ಬಹಳ ಹೊತ್ತು ನೋಡಿದರು. ಸಿಕ್ಕಿದ ಒಂದೇ ಒಂದು ಒಳ್ಳೆಯ ರಸ್ತೆ ಹೋಯಿತು ಎಂಬ ಸಂಕಟ ಒಂದು ಕಡೆ. ಮೂವತ್ತು ವರ್ಷ ಮಕ್ಕಳಿಗೆ ಮರ ನೆಡಿ ಎಂದು ಪಾಠ ಮಾಡಿದ ಮನುಷ್ಯ ಬೇಡ ಎನ್ನುವುದು ಹೇಗೆ ಎಂಬ ಪೇಚು ಇನ್ನೊಂದು ಕಡೆ. ಕೊನೆಗೆ ಇಳಿದು ಹೋಗಿ, ಆದಷ್ಟೂ ಸಹಜವಾಗಿ, "ಈ ದಕ್ಷಿಣದ ಬದೀಲಿ ಬೇಡ. ಉತ್ತರದ ಬದೀಲಿ ನೆಟ್ಟರೆ ಚೆನ್ನಾಗಿ ಬರುತ್ತೆ" ಎಂದು ಸಲಹೆ ಕೊಟ್ಟರು.

ಯಜಮಾನರು ಅವರನ್ನು ದಿಟ್ಟಿಸಿ ನೋಡಿದರು. ಅದರ ಮುಂದಿನ ವಾರ ದಕ್ಷಿಣದ ಬದಿಯಲ್ಲಿ ಇನ್ನೂ ಒಂದು ಸಾಲು ಸಸಿಗಳಿದ್ದವು.

ಆದರೂ ಸಸಿ ಮರವಾಗಲು ಕಾಲ ಬೇಕು. ಅಲ್ಲಿಯತನಕ ಅದಕ್ಕಿಂತ ಒಳ್ಳೆಯ ರಸ್ತೆ ಬೇರೆ ಇರಲಿಲ್ಲ. ಮಾವನವರು ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು ಸಂಗೀತ ಕೇಳತೊಡಗಿದರು. ಯಜಮಾನರು ನಮ್ಮ ಮೇಲೆ ಕಣ್ಣಿಡಲೆಂದು ಕುರ್ಚಿ ತಂದು ಕಾರಿನ ಪಕ್ಕ ಕೂರುತ್ತಿದ್ದರು. ಕಣ್ಣಿಡುತ್ತಾ ಇಡುತ್ತಾ ಅವರಿಗೆ ಕಲ್ಯಾಣಿ, ತೋಡಿಗಳ ಗುರುತು ಸಿಕ್ಕಿತು. ಹೆಸರು ಗೊತ್ತಿರಲಿಲ್ಲ. "ಇದು ಆವತ್ತು ಮೋಡ ಆಗಿದ್ದಾಗ ಬಂದಿದ್ದು ಕಣಮ್ಮ" ಎನ್ನುತ್ತಿದ್ದರು. ಬೇಸಿಗೆಯಲ್ಲಿ ನಲ್ಲಿ ಬರದಿದ್ದಾಗ ಮಾವನವರು ಮನೆಯಿಂದ ಡಿಕ್ಕಿಯಲ್ಲಿ ಕ್ಯಾನುಗಟ್ಟಲೆ ನೀರು ಒಯ್ದು ಆ ಸಸಿಗಳಿಗೇ ಹಾಕಿದರು. ತಮ್ಮ ಹಾಡಿಗೆ ಅಡ್ಡ ಬರುವ ಮರವನ್ನು ತಾವೇ ನೀರೆರೆದು ಬೆಳೆಸುವವರನ್ನು ನಾನು ಅವರ ಹೊರತು ಬೇರೆ ಕಂಡಿಲ್ಲ. ಹೊಂಗೆ ಕಾರಿನ ಎತ್ತರ ಮೀರಿದ ಮೇಲೆ ಪ್ರತಿ ವರ್ಷ ಒಂದೊಂದು ಮನೆ ಮುಂದಕ್ಕೆ, ಗಿಡ ಇನ್ನೂ ಗಿಡ್ಡಗಿರುವ ಕಡೆಗೆ, ಹೋಗಿ ಕಾರು ನಿಲ್ಲಿಸುತ್ತಿದ್ದೆವು. ಯಜಮಾನರ ಕುರ್ಚಿಯೂ ಜೊತೆಗೆ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ರೇಡಿಯೋ ಸುಮ್ಮನಾಯಿತು. ಮಾವನವರು ಹೇಳಿದಂತೆ ನಾನು ಹಿಡಿಯನ್ನು ಎಂಟು ದಿಕ್ಕಿಗೂ ತಿರುಗಿಸಿದೆ. ಏನೂ ಬರಲಿಲ್ಲ. ಬಿಟಿಎಂಗೆ ಹೋದೆವು. ಗದಗಿನವರು ಸೆಟ್ ಬಿಚ್ಚಿ ನೋಡಿದರು, ವೈರು ಎಳೆದು ನೋಡಿದರು, ಯಾರಿಗೋ ಫೋನ್ ಮಾಡಿ ಕೇಳಿದರು.

"ಸೆಟ್ ಚಲೋ ಐತ್ರೀ ಸರ್. ಆಕಾಶ ಬಂದ್ ಆಗೇತಿ" ಎಂದರು. ಆ ರೇಡಿಯೋ ನಡೆಸುತ್ತಿದ್ದವರು ವ್ಯವಹಾರ ಮುಚ್ಚಿದ್ದರು.

ಅಲ್ಲಿಂದ ಮಾವನವರು ನೇರವಾಗಿ ಚಿಕ್ಕಲಸಂದ್ರಕ್ಕೆ ಕಾರು ಬಿಟ್ಟರು. ಯಜಮಾನರು ಕುರ್ಚಿಯಲ್ಲಿ ಕಾಯುತ್ತಿದ್ದರು. ವಿಷಯ ಕೇಳಿ ಎದ್ದು ನಿಂತರು. ಹತ್ತಿರದವರು ಹೋದಾಗ ಮಾತಾಡುವ ದನಿಯಲ್ಲಿ, "ಮುಂಚೆ ಏನಾದ್ರೂ ಸೂಚ್ನೆ ಕೊಟ್ಟಿತ್ತಾ ಸಾರ್?" ಎಂದು ಕೇಳಿದರು. ಎರಡು ದಿನದಿಂದ ಸ್ವಲ್ಪ ತೊದಲುತ್ತಿತ್ತು ಎಂದರು ಮಾವನವರು. ಕಾಫಿ ಬಂತು. ಕುಡಿದೆವು. ಗೇಟಿನ ಹತ್ತಿರ ನಾನೊಬ್ಬಳೇ ಸಿಕ್ಕಿದಾಗ ಯಜಮಾನರು ದನಿ ತಗ್ಗಿಸಿ, "ಹಂಗಾರೆ ಸರ್ವೆ ಕ್ಯಾನ್ಸಲ್ ಅಂತ ತಿಳ್ಕಳ್ಳದಾ?" ಎಂದರು. ಏಳೆಂಟು ವರ್ಷ ಪಕ್ಕದಲ್ಲಿ ಕೂತು ಸಂಗೀತ ಕೇಳಿದವರಿಗೆ ಇನ್ನೇನು ಹೇಳಲಿ. ಹೌದು, ಕ್ಯಾನ್ಸಲ್ ಎಂದೆ. ಅವರು ಕೈ ಮುಗಿದರು.

ವಾಪಸ್ ಬರುವಾಗ ನಾನು ಮುಂದಿನ ಸೀಟಿನಲ್ಲಿ ಕೂತೆ. ಪದ್ಮನಾಭನಗರದ ತಿರುವಿನಲ್ಲಿ ಏನೋ ಸದ್ದು ಕೇಳಿಸಿತು. ಗೇರ್ ಬಾಕ್ಸ್ ಇರಬೇಕು ಎಂದುಕೊಂಡೆ. ಮಾವನವರು ಹಾಡುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಶ್ರುತಿಯಿಲ್ಲ, ತಾಳ ಸ್ಟೀರಿಂಗಿನ ಮೇಲೆ ಬೇರೆಯೇ ಹೋಗುತ್ತಿತ್ತು, ರಾಗ ಯಾವುದೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವನು ತಲೆ ಹೊರಗೆ ಹಾಕಿ ನೋಡಿದ. "ಗಾಜು ಏರಿಸಿ ಮಾವ" ಎನ್ನಬೇಕೆಂದುಕೊಂಡವಳು ನನ್ನ ಕಡೆಯ ಗಾಜನ್ನೂ ಇಳಿಸಿದೆ. ಹಸಿರು ದೀಪ ಬಂದರೂ ಅವರು ಚರಣ ಮುಗಿಸಿಯೇ ಕಾರು ಮುಂದೆ ಬಿಟ್ಟರು.